ಮೂಲೆಮನೆಯ ಉಪ್ಪು

ಒಂದು ಊರಿತ್ತಂತೆ, ಊರಿಗೊಂದು ಮೂಲೆಯಿತ್ತಂತೆ, ಆ ಮೂಲೆಯಲ್ಲಿ ಒಬ್ಬಳು ರಾಣಿ ಸೌಟು ಹಿಡಿದು ರಾಜ್ಯ ಆಳುತ್ತಿದ್ದಳಂತೆ. ರಾಜ್ಯವೆಂದರೆ ಏಳು ಮೇಜು, ಒಂದಕ್ಕೊಂದು ಹೊಂದದ ಕುರ್ಚಿಗಳು, ಸ್ವಲ್ಪ ಎತ್ತಿ ತಳ್ಳಿದರೆ ಮಾತ್ರ ತೆರೆಯುವ ಒಂದು ಬಾಗಿಲು. ಯಾವ ಮೇಜಿನ ಮೇಲೂ ಉಪ್ಪಿನ ಡಬ್ಬಿ ಇರಕೂಡದೆಂದು ರಾಣಿಯ ಕಟ್ಟಪ್ಪಣೆಯಂತೆ. ಕನ್ನಡಕದಂಗಡಿಯ ಕೆಲಸದ ಹುಡುಗಿ ಮಧ್ಯಾಹ್ನದ ಊಟಕ್ಕೆ ಹೊರಟಾಗಲೆಲ್ಲ ಅವಳ ತಲೆಯಲ್ಲಿ ಕಥೆ ಹೀಗೇ ಶುರುವಾಗುತ್ತಿತ್ತು. ಶುರುವಾಗಿ, ದರ್ಜಿ ಅಂಗಡಿ ದಾಟಿ, ಓಣಿ ತಿರುಗಿ, ಮೂಲೆಮನೆಯ ಹಸಿರು ಬಾಗಿಲು ಕಾಣುವ ಹೊತ್ತಿಗೆ ಒಂದೇ ಕಡೆ ಬಂದು ಕುಂಟುತ್ತಿತ್ತು: ಆ ರಾಣಿಗೆ ಒಬ್ಬಳು ಹುಡುಗಿ ಒಂದು ಮಾತು ಕೊಟ್ಟಿದ್ದಳಂತೆ, ಕೊಟ್ಟ ಮಾತನ್ನು ನಡೆಸದೆ ದಿನಾ ಬಂದು ಉಂಡು ಹೋಗುತ್ತಿದ್ದಳಂತೆ. ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡಳು. ನಿನ್ನೆಯೂ ಹೀಗೇ ಎಂದುಕೊಂಡಿದ್ದಳು. ಕೈಚೀಲದ ಒಳಜೇಬಿಗೆ ಬೆರಳು ತಾನಾಗಿಯೇ ಹೋಗಿ, ಕಾಂಟ್ಯಾಕ್ಟ್ ಲೆನ್ಸ್ ಇಡುವ ಪುಟ್ಟ ಡಬ್ಬಿ ಅಲ್ಲಿದೆಯೇ ಎಂದು ಮುಟ್ಟಿ ನೋಡಿತು. ಇತ್ತು. ಡಬ್ಬಿಯ ಎಡಗಣ್ಣಿನ ಗುಳಿಯಲ್ಲೂ ಉಪ್ಪು, ಬಲಗಣ್ಣಿನ ಗುಳಿಯಲ್ಲೂ ಉಪ್ಪು.

ಆ ಮನೆಗೆ ಬೋರ್ಡು ಇರಲಿಲ್ಲ, ಮೂಲೆಯಲ್ಲಿದ್ದದ್ದರಿಂದ ಮೂಲೆಮನೆ. ಅಡುಗೆ ಮಾಡುವವಳು ಬೀದಿಗೆಲ್ಲ ದೊಡ್ಡಕ್ಕ. ಹಾಗಾಗಿ ಬಡಿಸುವ ಅವಳ ಗಂಡ, ಪಾಪ, ಬೀದಿಗೆಲ್ಲ ಭಾವ. ‘ಅಪ್ಪನ ವಯಸ್ಸಿನವರೂ ನನ್ನನ್ನ ಭಾವ ಅಂತಾರಮ್ಮ, ಇಷ್ಟೊಂದು ನಾದಿನಿ ಮೈದುನರನ್ನ ಯಾವ ಮದುವೇಲೂ ಯಾರಿಗೂ ಕೊಟ್ಟಿರಲ್ಲ’ ಎಂದು ಆತ ನಗುತ್ತಿದ್ದ. ಕನ್ನಡಕದಂಗಡಿಯ ಹುಡುಗಿ ಮೊದಲ ಸಲ ಇಲ್ಲಿಗೆ ಬಂದ ದಿನ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ದೊಡ್ಡ ಮನುಷ್ಯನ ಮೂಗಿನ ಮೇಲೆ ಕಣ್ಣು ಪರೀಕ್ಷೆಯ ಚೌಕಟ್ಟನ್ನು ಓರೆಯಾಗಿ ಕೂರಿಸಿ, ‘ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ’ ಎಂದು ಎಲ್ಲರೆದುರು ಅನ್ನಿಸಿಕೊಂಡಿದ್ದಳು. ಮಾಲೀಕರು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒರೆಸುತ್ತ ಕೂತಿದ್ದರು. ಅವರು ಬೈದಿದ್ದರೂ ಪರವಾಗಿರಲಿಲ್ಲ ಅನ್ನಿಸಿತ್ತು. ಊಟದ ಹೊತ್ತಿಗೆ ಹೊರಬಿದ್ದು ಎದುರಿಗೆ ಸಿಕ್ಕ ಬಾಗಿಲು ತಳ್ಳಿದರೆ ಅದೂ ತೆರೆಯಲಿಲ್ಲ. ಒಳಗಿನಿಂದ ಒಂದು ಹೆಣ್ಣುಧ್ವನಿ, ‘ಎತ್ತು, ಎತ್ತಿ ತಳ್ಳು, ಅದಕ್ಕೂ ಸ್ವಲ್ಪ ಮರ್ಯಾದೆ ಬೇಕು’ ಎಂದಿತು. ಕಿಟಕಿ ಪಕ್ಕ ಕೂತಳು. ಏನು ಬೇಕೆಂದು ಯಾರೂ ಕೇಳಲಿಲ್ಲ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆಯಲ್ಲೊಂದು ಚೌಕದ ಕಿಂಡಿ; ಆ ಕಿಂಡಿಯಲ್ಲಿ ಒಂದು ಮುಖ ಕಾಣಿಸಿ, ಅವಳನ್ನು ಒಂದು ಸಲ ನೋಡಿ, ಮರೆಯಾಯಿತು. ಆಮೇಲೆ ಬಂದದ್ದು ಒಂದು ಬಟ್ಟಲು ಬೇಳೆ ಸೂಪು, ಅಂಚು ಗರಿಯಾದ ಬ್ರೆಡ್ಡು. ಮೊದಲ ಚಮಚಕ್ಕೇ ಕಣ್ಣು ತುಂಬಿಕೊಂಡವು. ಸೂಪು ಅಷ್ಟು ಚೆನ್ನಾಗಿತ್ತೆಂದೋ, ಯಾರೂ ಏನೂ ಕೇಳಲಿಲ್ಲವೆಂದೋ ಇವತ್ತಿಗೂ ಗೊತ್ತಿಲ್ಲ. ಈರುಳ್ಳಿಯನ್ನು ಆತುರವಿಲ್ಲದೆ ಹುರಿದದ್ದು, ಬೇಳೆ ಕರಗಿಯೂ ಪೂರ್ತಿ ಕರಗದೆ ನಾಲಿಗೆಗೆ ಸಿಗುವುದು, ಉಪ್ಪು ಇದೆಯೆಂದೇ ಅರಿವಾಗದ ಹಾಗೆ ಇರುವುದು. ಒಂದು ಬಟ್ಟಲಿನೊಳಗೆ ಒಬ್ಬರು ಇನ್ನೊಬ್ಬರ ಬಗ್ಗೆ ಇಷ್ಟು ಯೋಚನೆ ಮಾಡಿರಬಹುದೇ ಎಂದು ಬೆರಗಾಗಿ, ಬ್ರೆಡ್ಡಿನಿಂದ ಬಟ್ಟಲನ್ನು ಒರೆಸಿ ಒರೆಸಿ ತಿಂದಿದ್ದಳು.

ದೊಡ್ಡಕ್ಕ ಯಾರನ್ನೂ ‘ಹೇಗಿತ್ತು’ ಎಂದು ಕೇಳುವವಳಲ್ಲ. ಕೇಳಿದರೆ ಜನ ಚೆನ್ನಾಗಿತ್ತು ಅಂತಾರೆ, ಅದರಲ್ಲೇನಿದೆ ಎನ್ನುತ್ತಿದ್ದಳು. ಕಿಂಡಿಯೊಳಗೆ ವಾಪಸು ಬರುವ ತಟ್ಟೆಗಳನ್ನು ನೋಡುತ್ತಿದ್ದಳು. ಅಂಚಿಗೆ ತಳ್ಳಿದ ಕ್ಯಾರೆಟ್ಟು, ಅರ್ಧ ಕಚ್ಚಿ ಬಿಟ್ಟ ಬ್ರೆಡ್ಡು, ಒರೆಸಿ ಹೊಳೆಯುವ ಬಟ್ಟಲು, ಎಲ್ಲವನ್ನೂ ಒಂದು ಕ್ಷಣ ಕೈಯಲ್ಲಿ ಹಿಡಿದು ನೋಡಿ ಆಮೇಲೆ ತೊಳೆಯಲು ಹಾಕುವಳು. ಅವಳಿಗೆ ಅದೇ ಪತ್ರಿಕೆ, ಅದೇ ಟಪಾಲು. ಒಂದು ಮಧ್ಯಾಹ್ನ ಗಿರಾಕಿಗಳೆಲ್ಲ ಹೋದ ಮೇಲೆ ಇಬ್ಬರೂ ಕೂತು ಬಟಾಣಿ ಬಿಡಿಸುತ್ತಿದ್ದಾಗ ದೊಡ್ಡಕ್ಕ ಇದ್ದಕ್ಕಿದ್ದಂತೆ, ‘ಏ ಕನ್ನಡಕ, ನನಗೊಂದು ಮಾತು ಕೊಡ್ತೀಯಾ?’ ಎಂದಿದ್ದಳು. ‘ಇವರೆಲ್ಲ ನನ್ನ ಮೇಲೆ ಪ್ರೀತಿ ಇಟ್ಕೊಂಡಿರೋರು. ಪ್ರೀತಿ ಇರೋರ ನಾಲಿಗೆ ನಂಬೋಕಾಗಲ್ಲ. ನೀನು ದಿನಾ ಕೂತು ಸರಿಯಾಗಿದ್ಯಾ, ಸರಿಯಿಲ್ವಾ ಅಂತ ಕೇಳೋ ಕೆಲಸದೋಳು. ನನ್ನ ಕೈ ಕೆಟ್ಟ ದಿನ ಸಪ್ಪೆ ಅಂತ ಒಂದೇ ಮಾತು ಅಂದ್ಬಿಡು. ಕತೆ ಕಟ್ಟಬೇಡ, ಸುತ್ತಿ ಬಳಸಿ ಹೇಳಬೇಡ. ಸಪ್ಪೆ, ಅಷ್ಟೇ.’ ಬಟಾಣಿ ಸಿಪ್ಪೆಯ ಹಸಿವಾಸನೆಯ ಆ ಕೈ ಮುಂದೆ ಬಂದಿತ್ತು. ಅವಳು ಹೂಂ ಅಂದಿದ್ದಳು. ಆ ಕೈ ಎಂದಾದರೂ ಕೆಡುತ್ತದೆಂದು ನಂಬಿದ್ದರೆ ತಾನೇ ಮಾತು ಕೊಡಲು ಹೆದರುವುದು!

ಹೂಂ ಅನ್ನುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅಜ್ಜಿ ಕಥೆ ಹೇಳುವಾಗ ಹೂಂಗುಟ್ಟದಿದ್ದರೆ ಕಥೆ ನಿಂತುಹೋಗುತ್ತಿತ್ತು. ಮಗು ಮಲಗಿತೆಂದುಕೊಂಡು ಅಜ್ಜಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು. ಕಥೆ ನಿಲ್ಲಬಾರದೆಂದು ಅವಳು ರಾಜ ತಪ್ಪಿಲ್ಲದ ರಾಣಿಯನ್ನು ಕಾಡಿಗಟ್ಟಿದಾಗಲೂ ಹೂಂ ಅಂದಿದ್ದಳು, ಮೊಸಳೆ ಮಗುವನ್ನು ನುಂಗಿದಾಗಲೂ ಹೂಂ ಅಂದಿದ್ದಳು. ಬೇಡ ಅಜ್ಜಿ, ಹಾಗಾಗಬಾರದು ಎಂದು ಗಂಟಲವರೆಗೆ ಬಂದದ್ದು ಅಲ್ಲೇ ಹೂಂ ಆಗಿ ತಿರುಗಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ಮಸೂರ ಬದಲಿಸುತ್ತ ‘ಈಗ ಕಾಣತ್ತಾ?’ ಎಂದು ಕೇಳಿದಾಗ ಕೆಲವರು ಏನೂ ಕಾಣದಿದ್ದರೂ ‘ಹೂಂ, ಕಾಣತ್ತೆ’ ಅನ್ನುತ್ತಾರೆ, ಅವಳಿಗೆ ಬೇಜಾರಾಗದಿರಲೆಂದು, ಅಥವಾ ತಾವು ದಡ್ಡರೆನ್ನಿಸದಿರಲೆಂದು. ಅಂಥವರನ್ನು ಕಂಡಾಗ ಅವಳಿಗೆ ಇವರು ನನ್ನ ಪೈಕಿಯವರು ಅನ್ನಿಸುವುದು. ಆ ಮರ್ಯಾದೆಯನ್ನೇ ಕಣ್ಣಿಗೆ ಹಾಕಿಕೊಂಡು ಅವರು ರಸ್ತೆ ದಾಟಬೇಕಲ್ಲ ಎಂದು ಭಯವೂ ಆಗುವುದು.

ದೊಡ್ಡಕ್ಕನಿಗೆ ಜ್ವರ ಬಂದು ಮೂಲೆಮನೆ ಕೆಲವು ದಿನ ಮುಚ್ಚಿತ್ತು. ತೆರೆದ ದಿನ ಅವಳೇ ಎಲ್ಲರಿಗಿಂತ ಮೊದಲು ಓಡಿದ್ದಳು. ಸೂಪು ಬಂತು, ಬಣ್ಣ ಅದೇ, ಆವಿ ಅದೇ, ಈರುಳ್ಳಿ ಅದೇ ಕಂದು. ನಾಲಿಗೆಯ ಮೇಲೆ ಇಟ್ಟರೆ, ಬಿಸಿನೀರಿಗೆ ಬೇಳೆಯ ನೆನಪು ಬಂದ ಹಾಗೆ. ಇವತ್ತು ಮೊದಲ ದಿನ, ಮೈಯಲ್ಲಿ ಶಕ್ತಿ ಇರಲಿಕ್ಕಿಲ್ಲ, ನಾಳೆ ಸರಿಹೋಗುತ್ತೆ ಎಂದು ಒರೆಸಿ ತಿಂದಳು. ಕಿಂಡಿಯಲ್ಲಿ ಹೊಳೆಯುವ ಬಟ್ಟಲನ್ನು ಹಿಡಿದು ದೊಡ್ಡಕ್ಕ ನಕ್ಕಿದ್ದು ಕಂಡಿತು. ನಾಳೆಯೂ ಅದೇ ಸಪ್ಪೆ, ನಾಡಿದ್ದೂ ಅದೇ. ಜ್ವರ ಹೋಗುವಾಗ ದೊಡ್ಡಕ್ಕನ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು, ಅದು ಗೊತ್ತಿಲ್ಲದವಳು ದೊಡ್ಡಕ್ಕ ಒಬ್ಬಳೇ. ಆಮೇಲೊಂದು ದಿನ ಅವಳು ಲೆನ್ಸಿನ ಡಬ್ಬಿಗೆ ಉಪ್ಪು ತುಂಬಿಕೊಂಡು ಬಂದು, ಕರವಸ್ತ್ರ ಹುಡುಕುವವಳಂತೆ ಚೀಲಕ್ಕೆ ಬಗ್ಗಿ, ಚಿಟಿಕೆಯಷ್ಟು ಉದುರಿಸಿಕೊಂಡಳು. ತಲೆ ಎತ್ತಿದಾಗ ಎದುರು ಮೇಜಿನ ಡ್ರಾಯಿಂಗ್ ಮೇಷ್ಟ್ರು ಪತ್ರಿಕೆಯ ಮರೆಯಲ್ಲಿ ಒಂದು ಕಾಗದದ ಪೊಟ್ಟಣ ಮಡಚುತ್ತಿದ್ದರು. ಇಬ್ಬರ ಕಣ್ಣೂ ಕೂಡಿದವು. ಬಚ್ಚಲುಮನೆಯ ಬಾಗಿಲು ತಪ್ಪಿ ತೆರೆದವರ ಹಾಗೆ ಇಬ್ಬರೂ ಕತ್ತು ತಿರುಗಿಸಿಕೊಂಡರು. ಅಂದೇ ಕಂಡಿತು, ದರ್ಜಿಯ ಅಂಗಿಜೇಬಿನಿಂದ ಗುಂಡಿಗಳ ಡಬ್ಬಿ ಹೊರಬಂದು, ಸೂಪಿನ ಮೇಲೆ ಒಂದು ಸಲ ಕುಣಿದು, ಒಳಗೆ ಹೋಯಿತು. ಯಾರೂ ಯಾರೊಂದಿಗೂ ಒಂದಕ್ಷರ ಆಡಿರಲಿಲ್ಲ. ಎಲ್ಲರ ತಟ್ಟೆಯೂ ಹೊಳೆಯುತ್ತ ವಾಪಸು ಹೋಗುತ್ತಿತ್ತು. ಅಷ್ಟು ಜನರ ಪ್ರೀತಿ ಕಂಡು ಅವಳಿಗೆ ಹೆಮ್ಮೆಯೇ ಆಯಿತು. ಮನೆಗೆ ನಡೆಯುವಾಗ ಮಾತ್ರ, ಮಾತು ಕೊಟ್ಟವಳು ತಾನೊಬ್ಬಳೇ ಎಂಬುದು ಚಪ್ಪಲಿಯೊಳಗೆ ಸಿಕ್ಕ ಮರಳಿನ ಹಾಗೆ ಒತ್ತುತ್ತಿತ್ತು.

ಹೊಸಬರ ಜೇಬಿನಲ್ಲಿ ಉಪ್ಪು ಇರಲಿಲ್ಲ. ಅವರ ತಟ್ಟೆಗಳು ಅರ್ಧ ತುಂಬಿಕೊಂಡೇ ಹೋಗುತ್ತಿದ್ದವು. ದೊಡ್ಡಕ್ಕ ಅವುಗಳನ್ನು ಬಹಳ ಹೊತ್ತು ಹಿಡಿದು ನಿಲ್ಲತೊಡಗಿದಳು. ಮೊದಲು ಬೇಳೆಯ ಮೇಲೆ ಅನುಮಾನ ಬಂತು. ಅಂಗಡಿ ಇಟ್ಟ ದಿನದಿಂದ ಬೇಳೆ ಕೊಡುತ್ತಿದ್ದ ಮುದುಕನನ್ನು ಕಿಂಡಿಯಿಂದಲೇ ಬಾಗಿಲಲ್ಲಿ ನಿಲ್ಲಿಸಿ, ‘ನಿಮ್ಮ ಮಾಲು ಮೊದಲಿನ ಹಾಗಿಲ್ಲ, ಇನ್ನು ಬೇಡ’ ಅಂದಳು. ಆತ ಚೀಲವನ್ನು ಮತ್ತೆ ಭುಜಕ್ಕೇರಿಸಿಕೊಂಡು, ಬಾಗಿಲನ್ನು ಮರ್ಯಾದೆಯಿಂದ ಎತ್ತಿ ಮುಚ್ಚಿ ಹೋದ. ಕಿಟಕಿ ಪಕ್ಕ ಕೂತ ಅವಳು ಚಮಚ ನೋಡುತ್ತ ಕೂತಿದ್ದಳು. ನಿನ್ನೆ ಸರದಿ ಭಾವನದ್ದು. ಹೊಸದಾಗಿ ಬಂದ ಒಂದು ಕುಟುಂಬ, ಅಪ್ಪ ಅಮ್ಮ ಇಬ್ಬರು ಮಕ್ಕಳು, ಹಾಗೇ ಬಿಟ್ಟು ಎದ್ದಿದ್ದರು. ಕಿಂಡಿಯಾಚೆ ದೊಡ್ಡಕ್ಕನ ದನಿ ಏರಿತ್ತು. ‘ಬೇಳೆ ಬದಲಾಯ್ತು, ಇನ್ನೇನು ಉಳೀತು? ಈರುಳ್ಳಿ. ಈರುಳ್ಳಿ ಹೆಚ್ಚೋರು ಯಾರು? ನೀವು. ನಾಳೆಯಿಂದ ನೀವು ಒಳಗೆ ಕಾಲಿಡಬೇಡಿ.’ ‘ಅಲ್ಲ ಕಣೇ, ಈರುಳ್ಳಿ ಹೆಚ್ಚೋದ್ರಲ್ಲಿ ಏನಿದೆ...’ ‘ಮತ್ತೆ ನನ್ನ ಕೈ ಕೆಟ್ಟಿದೆ ಅಂತೀರಾ? ಕೆಟ್ಟಿದ್ರೆ ಕನ್ನಡಕ ಹೇಳ್ತಿದ್ಲು. ಮಾತು ಕೊಟ್ಟಿದ್ದಾಳೆ. ಅವಳು ಬಾಯಿ ಬಿಟ್ಟಿಲ್ಲ ಅಂದಮೇಲೆ ನನ್ನ ಕೈ ಸರಿಯಾಗೇ ಇದೆ.’

ಅವಳು ಸುಮ್ಮನಿದ್ದದ್ದೇ ಒಂದು ಸಾಕ್ಷಿಯಾಗಿತ್ತು. ಅದನ್ನು ಊರಿಕೊಂಡೇ ದೊಡ್ಡಕ್ಕ ಒಬ್ಬೊಬ್ಬರನ್ನೇ ದೂರ ತಳ್ಳುತ್ತಿದ್ದಳು. ನಿನ್ನೆ ರಾತ್ರಿ ದಿಂಬು ತಿರುಗಿಸಿ ತಿರುಗಿಸಿ ಹಾಕಿದರೂ ದಿಂಬಿನ ಎರಡು ಬದಿಯೂ ಬಿಸಿಯಾಗಿತ್ತು.

ಈಗ ಬಾಗಿಲು ಎತ್ತಿ ತಳ್ಳಿ ಒಳಗೆ ಬಂದಳು. ಮೋಡದ ಮಬ್ಬಿಗೆ ಕೋಣೆಯ ದೀಪಗಳು ಆಗಲೇ ಉರಿಯುತ್ತಿದ್ದವು. ಗೋಡೆಯ ಕರಿಹಲಗೆಯ ಮೇಲೆ ಇವತ್ತಿನ ಅಡುಗೆ, ದೊಡ್ಡಕ್ಕನ ದಪ್ಪ ಅಕ್ಷರ. ಕಿಂಡಿಯ ಈಚೆ ಭಾವ ನಿಂತಿದ್ದ, ಸ್ವಂತ ಮನೆಯ ಜಗಲಿಯಲ್ಲಿ ನಿಂತ ಅತಿಥಿಯ ಹಾಗೆ, ಕೈ ಎಲ್ಲಿಡಬೇಕೆಂದು ತಿಳಿಯದೆ. ‘ಬಾಮ್ಮ ಕನ್ನಡಕ. ನನಗೆ ಗಡೀಪಾರು ಆಗಿದೆ, ಕೇಳಿದ್ಯಾ?’ ಎಂದು ನಗಲು ನೋಡಿದ. ಮೇಷ್ಟ್ರು ತಮ್ಮ ಮೇಜಿನಲ್ಲಿದ್ದರು, ದರ್ಜಿ ತನ್ನ ಮೇಜಿನಲ್ಲಿದ್ದ. ಅವಳ ಸೂಪೂ ಬಂತು. ಚೀಲಕ್ಕೆ ಬಗ್ಗಿದಳು, ಎಡಗಣ್ಣಿನ ಗುಳಿ ಖಾಲಿ ಮಾಡಿದಳು, ಕದಡಿದಳು, ಬಾಯಿಗಿಟ್ಟಳು.

ಸಮುದ್ರವೇ ಬಾಯಿಗೆ ಬಂದ ಹಾಗಾಯಿತು. ನುಂಗಿದಳು. ಕಣ್ಣಲ್ಲಿ ನೀರು ಬಂತು. ಆಚೆ ನೋಡಿದರೆ ಮೇಷ್ಟ್ರು ಪತ್ರಿಕೆಯ ಹಿಂದೆ ಬರಿಯ ಬ್ರೆಡ್ಡನ್ನೇ ಜಗಿಯುತ್ತಿದ್ದರು. ದರ್ಜಿ ಲೋಟ ಎತ್ತಿದವನು ಇಳಿಸಲೇ ಇಲ್ಲ. ಕಿಂಡಿಯ ಕಡೆ ತಿರುಗಿದಳು. ಹೊಸ ಬಟ್ಟಲೊಂದು ಒಳಗಿನಿಂದ ಬಂತು. ಭಾವ ಬೆನ್ನನ್ನು ಅಡುಗೆಮನೆಗೆ ಮಾಡಿ, ಪ್ಯಾಂಟಿನ ಜೇಬಿನಿಂದ ಮುಷ್ಟಿ ತೆಗೆದು, ಬಟ್ಟಲಿನ ಮೇಲೆ ಧಾರಾಳವಾಗಿ ಉದುರಿಸಿ, ಬೆರಳಿನಿಂದಲೇ ಒಂದು ಸುತ್ತು ತಿರುಗಿಸಿದ. ಒಳಗೆ ಕಾಲಿಡಬೇಡ ಅಂದದ್ದಕ್ಕೆ ಆತ ಹೊರಗೆ ನಿಂತೇ ಮಾಡಬಹುದಾದದ್ದನ್ನು ಕಂಡುಕೊಂಡಿದ್ದ. ಈ ಮನೆಯಲ್ಲಿ ಹೆಂಡತಿಯ ಮಾನ ಕಾಯುತ್ತಿರುವವನು ತಾನೊಬ್ಬನೇ ಎಂದು ಆತ ನಂಬಿದ್ದಾನೆ. ಅದೇ ಮಾನ ಕಾಯಲು ಹೊರಟ ಇನ್ನೂ ಮೂವರು ಉಪ್ಪಿಗೆ ಉಪ್ಪು ಸೇರಿಸಿಕೊಂಡು, ಕಣ್ಣು ಕೆಂಪು ಮಾಡಿಕೊಂಡು, ಚಕಾರ ಎತ್ತದೆ ಉಣ್ಣುತ್ತಿದ್ದಾರೆ. ನಗು ಬಂತು. ಲೋಕದಲ್ಲಿ ಇದಕ್ಕಿಂತ ಒಳ್ಳೆಯ ಕೋಣೆ ಇನ್ನೊಂದಿರಲಾರದು ಅನ್ನಿಸಿತು. ಇಷ್ಟು ಒಳ್ಳೆಯವರೆಲ್ಲ ಸೇರಿ ಒಬ್ಬ ಹೆಂಗಸನ್ನು ಕತ್ತಲಲ್ಲಿ ಕೂರಿಸಿದ್ದೇವಲ್ಲ ಎಂದೂ ಅನ್ನಿಸಿತು.

ನೀರಿನ ಜಗ್ಗು ಖಾಲಿಯಾಗಿ ಒಳಗೆ ಹೋಯಿತು, ತುಂಬಿ ಬಂತು, ಮತ್ತೆ ಖಾಲಿಯಾಗಿ ಹೋಯಿತು. ಈ ಸಲ ಜಗ್ಗನ್ನು ಹಿಡಿದು ದೊಡ್ಡಕ್ಕನೇ ಹೊರಗೆ ಬಂದಳು. ಊಟದ ಹೊತ್ತಿನಲ್ಲಿ ಅವಳು ಹೊರಗೆ ಬಂದದ್ದನ್ನು ಯಾರೂ ಕಂಡಿರಲಿಲ್ಲ. ಕಿಂಡಿಯಲ್ಲಿ ದೊಡ್ಡದಾಗಿ ಕಾಣುತ್ತಿದ್ದವಳು ಮೇಜುಗಳ ನಡುವೆ ಗಿಡ್ಡಗೆ, ಹಿಟ್ಟು ಮೆತ್ತಿದ ಮೊಣಕೈಯೊಂದಿಗೆ, ಯಾರದೋ ತಾಯಿಯ ಹಾಗೆ ಕಂಡಳು.

‘ಏನ್ರಪ್ಪ ಇವತ್ತು? ಎಲ್ಲರೂ ಒಂಟೆಗಳ ಹಾಗೆ ನೀರು ತುಂಬಿಸ್ಕೊಳ್ತಿದ್ದೀರಿ?’

‘ಬಿಸಿಲು, ದೊಡ್ಡಕ್ಕ’ ಎಂದ ದರ್ಜಿ. ಎಲ್ಲರೂ ಕಿಟಕಿಯಾಚೆಯ ಮೋಡವನ್ನು ನೋಡಿದರು.

‘ನನಗೆ ವಯಸ್ಸಾಯ್ತಲ್ಲಮ್ಮ, ಡಾಕ್ಟರು ನೀರು ಜಾಸ್ತಿ ಕುಡೀರಿ ಅಂದಿದ್ದಾರೆ’ ಎಂದರು ಮೇಷ್ಟ್ರು.

ದೊಡ್ಡಕ್ಕ ಮೇಷ್ಟ್ರ ಬಟ್ಟಲು ಎತ್ತಿ ನೋಡಿದಳು. ಜ್ವರಕ್ಕೆ ಮುಂಚೆಯೂ ಆಮೇಲೂ ಹೊಳೆಯುತ್ತ ಬರುತ್ತಿದ್ದ ಆ ಬಟ್ಟಲು ಮೊದಲ ಸಲ ತುಂಬಿಯೇ ಇತ್ತು. ಅವಳ ಮುಖದಿಂದ ಬಣ್ಣ ಇಳಿಯುವುದು ಕಾಣುತ್ತಿತ್ತು. ಅಷ್ಟರಲ್ಲಿ ಭಾವ ಮುಂದೆ ನುಗ್ಗಿದ. ‘ನನ್ನ ತಪ್ಪು ಕಣೇ. ಕಿಂಡಿ ಹತ್ತಿರ ಉಪ್ಪಿನ ಪೊಟ್ಟಣ ಇಟ್ಕೊಂಡಿದ್ದೆ, ಕೈ ಜಾರಿ ಬಿತ್ತು. ಎಲ್ಲ ಬಟ್ಟಲಿಗೂ ಬಿತ್ತು.’

‘ಎಲ್ಲ ಬಟ್ಟಲಿಗೂ ಜಾರ್ತಾ?’ ಎಂದಳು ದೊಡ್ಡಕ್ಕ. ಆದರೆ ದನಿಯಲ್ಲಿ ಸಿಟ್ಟಿರಲಿಲ್ಲ. ಹೊರೆ ಇಳಿಸಿದವಳ ಉಸಿರಿತ್ತು. ‘ನೋಡಿದ್ರಾ? ನಾನು ಹೇಳಲಿಲ್ವಾ? ಒಳಗಿದ್ರೆ ಈರುಳ್ಳಿ ಹಾಳು, ಹೊರಗಿದ್ರೆ ಉಪ್ಪು. ಎಲ್ಲ ಇವರ ಕೈಯಿಂದಲೇ.’ ಆಮೇಲೆ ಕಿಟಕಿಯ ಕಡೆ ತಿರುಗಿ, ‘ಕನ್ನಡಕ, ನೀನು ಹೇಳು. ನನ್ನ ಕೈಯಾ, ಇವರ ಕೈಯಾ?’

ಎಷ್ಟು ಸುಲಭವಿತ್ತು! ಭಾವನೇ ತಲೆ ಒಡ್ಡಿ ನಿಂತಿದ್ದ, ಕಣ್ಣಲ್ಲೇ ಹೂಂ ಅನ್ನು ಎನ್ನುತ್ತಿದ್ದ. ಉಪ್ಪು ಜಾಸ್ತಿಯಾಗಿದೆ ಎಂಬುದು ನಿಜವೇ ಆಗಿತ್ತು. ಅಷ್ಟು ನಿಜ ಹೇಳಿ ಉಳಿದದ್ದನ್ನು ನುಂಗಿಕೊಂಡರೆ ದೊಡ್ಡಕ್ಕ ನಗುತ್ತ ಒಳಗೆ ಹೋಗುತ್ತಾಳೆ, ಕರಿಹಲಗೆಯ ಮೇಲೆ ನಾಳೆಯೂ ದಪ್ಪ ಅಕ್ಷರ ಮೂಡುತ್ತದೆ, ಕಥೆ ನಿಲ್ಲುವುದಿಲ್ಲ. ಮತ್ತೆ ನಾಳೆ ಇನ್ನೊಂದು ಅರ್ಧ ತುಂಬಿದ ತಟ್ಟೆ ಬರುತ್ತದೆ. ಆಗ ಭಾವ ಎಲ್ಲಿ ನಿಲ್ಲಬೇಕು, ಬಾಗಿಲಾಚೆಯಾ? ಎದ್ದು ನಿಂತದ್ದು ಅವಳಿಗೇ ಗೊತ್ತಾಗಲಿಲ್ಲ. ಕುರ್ಚಿ ಹಿಂದೆ ಸರಿದ ಸದ್ದಿಗೆ ಗೊತ್ತಾಯಿತು.

‘ಒಳಗೆ ಬನ್ನಿ ಅಕ್ಕ’ ಅಂದಳು. ‘ಪಾತ್ರೇಲಿರೋದು ಕೊಡಿ.’

ಅಡುಗೆಮನೆ ಅವಳು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಒರೆಸಿದ ಕಟ್ಟೆ, ಒಂದೇ ಸಾಲಿನಲ್ಲಿ ತೂಗುಬಿದ್ದ ಬಾಣಲೆಗಳು, ಮಣೆಯ ಮೇಲೆ ಗಂಡನಿಗಿಂತ ಚೆನ್ನಾಗಿ ಹೆಚ್ಚಬೇಕೆಂದು ಹಠದಿಂದ ಹೆಚ್ಚಿದ, ಒಂದೂ ಸಮನಾಗಿಲ್ಲದ ಈರುಳ್ಳಿ. ಒಲೆಯ ಮೇಲೆ ಆ ಸೂಪು, ಹೊನ್ನಿನ ಬಣ್ಣದ್ದು, ತುಂಬ ನಿಧಾನವಾಗಿ ಗುಳ್ಳೆ ಬಿಡುತ್ತ. ದೊಡ್ಡಕ್ಕ ಸೌಟಿನ ತುದಿಯಿಂದ ಅವಳ ಅಂಗೈ ಮೇಲೆ ಒಂದು ಹನಿ ಬಿಟ್ಟಳು, ತನ್ನ ಅಂಗೈ ಮೇಲೂ ಒಂದು ಹನಿ. ಇಬ್ಬರೂ ನೆಕ್ಕಿದರು. ದೊಡ್ಡಕ್ಕನ ಕಣ್ಣು ಅವಳ ಬಾಯಿಯ ಮೇಲೇ ಇತ್ತು. ಇಷ್ಟು ಹತ್ತಿರದಿಂದ ನೋಡಿದರೆ ಆ ಕಣ್ಣುಗಳು ಕೇಳುತ್ತಿರಲಿಲ್ಲ, ಬೇಡುತ್ತಿದ್ದವು. ಏನನ್ನು ಬೇಡುತ್ತಿದ್ದವು ಎಂದು ಮಾತ್ರ ತಿಳಿಯುವಂತಿರಲಿಲ್ಲ.

‘ಸಪ್ಪೆ’ ಅಂದಳು.

ಆ ಮಾತು ಅರ್ಧಂಬರ್ಧ ಹೊರಬಂತು. ಇನ್ನೊಂದು ಸಲ ಅಂದಳು. ‘ಸಪ್ಪೆ ಅಕ್ಕ. ಇವತ್ತು ಮಾತ್ರ ಅಲ್ಲ. ಜ್ವರ ಬಿಟ್ಟ ಮೇಲಿಂದ ಎಲ್ಲಾ ಸಪ್ಪೆ. ಬೇಳೆ ಚೆನ್ನಾಗಿತ್ತು. ಈರುಳ್ಳಿ ಚೆನ್ನಾಗಿತ್ತು.’

ಒಲೆಯ ಮೇಲೆ ಗುಳ್ಳೆಗಳು ಒಡೆಯುತ್ತಲೇ ಇದ್ದವು. ದೊಡ್ಡಕ್ಕ ಇನ್ನೊಂದು ಹನಿ ಅಂಗೈಗೆ ಬಿಟ್ಟುಕೊಂಡು ನೆಕ್ಕಿದಳು, ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದಳು, ಕತ್ತಲ ಕೋಣೆಯಲ್ಲಿ ಸ್ವಿಚ್ಚು ತಡಕುವವರ ಹಾಗೆ.

‘ನನಗೆ ಇದು ಸರಿಯಾಗೇ ಅನ್ಸತ್ತೆ’ ಎಂದಳು.

‘ಗೊತ್ತು ಅಕ್ಕ.’

‘ಜ್ವರದ ಮೇಲೆ ಹೂವಿನ ವಾಸನೆಯೂ ಬರ್ತಿಲ್ಲ. ಮೂಗು ಕಟ್ಟಿರಬೇಕು ಅಂದ್ಕೊಂಡೆ.’ ಸೌಟನ್ನು ಪಾತ್ರೆಗೆ ಇಳಿಸಿ, ‘ತಟ್ಟೆಗಳು ಖಾಲಿ ಬರ್ತಿದ್ವಲ್ಲೇ?’

‘ಖಾಲಿ ಮಾಡ್ತಿದ್ವಿ.’

ದೊಡ್ಡಕ್ಕ ಕಿಂಡಿಯ ಕಡೆ ನೋಡಿದಳು. ಅಲ್ಲಿ ಮೂರು ಮುಖಗಳು ಒತ್ತಿಕೊಂಡಿದ್ದವು. ನೋಡಿದ ಕೂಡಲೇ ಮೂರೂ ಮಾಯವಾದವು. ಅಳುತ್ತಾಳೆ ಎಂದುಕೊಂಡರೆ, ಸೆರಗಿಗೆ ಕೈ ಒರೆಸಿಕೊಂಡು ಗದರಿದಳು: ‘ರೀ! ಅಲ್ಲೇನು ಕಿಂಡೀಲಿ ಇಣುಕೋದು? ಒಳಗೆ ಬನ್ನಿ. ಈ ಈರುಳ್ಳಿ ನೋಡಿ, ಇಲಿ ಕಡಿದ ಹಾಗಿದೆ. ನನ್ನ ಕೈಲಾಗಲ್ಲ, ನೀವೇ ಹೆಚ್ಚಿ. ಅದಕ್ಕೂ ಮುಂಚೆ ಬೇಳೆಯವರಿಗೆ ಫೋನ್ ಮಾಡಿ ಕೊಡಿ, ನಾನೇ ಮಾತಾಡ್ತೀನಿ.’

ಭಾವ ಒಳಗೆ ಬಂದು ಗೋಡೆಗೆ ಒತ್ತಿ ನಿಂತ. ಆ ಚಿಕ್ಕ ಕೋಣೆಯಲ್ಲಿ ಮೂವರಿಗೆ ಜಾಗವೇ ಇರಲಿಲ್ಲ. ದೊಡ್ಡಕ್ಕ ಕಲ್ಲುಪ್ಪಿನ ಜಾಡಿಯನ್ನು ಹತ್ತಿರ ಎಳೆದುಕೊಂಡಳು, ಮೂರು ಬೆರಳಲ್ಲಿ ಒಂದು ಚಿಟಿಕೆ ಹಿಡಿದಳು, ಹಿಡಿದ ಕೈಯನ್ನು ಪಾತ್ರೆಯ ಮೇಲೆ ಆವಿಯಲ್ಲಿ ನಿಲ್ಲಿಸಿದಳು. ಹುಡುಗಿಯ ಕಡೆ ನೋಡಲಿಲ್ಲ.

‘ನಾನು ಹಾಕ್ತಾ ಹೋಗ್ತೀನಿ. ಸಾಕು ಅನ್ನೋದು ನಿನ್ನ ಕೆಲಸ’ ಎಂದಳು. ‘ಈ ಸಲ ತಡ ಮಾಡ್ಬೇಡ.’